ನಿಮ್ಮ ಕೀಲುನೋವಿನ ಹೆಸರೇನು?

(ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿಯ ಸಮುದಾಯ ಭವನದಲ್ಲಿ, ಮಳೆಗಾಲದ ಒಂದು ಮಧ್ಯಾಹ್ನ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಈ ಭವನಕ್ಕೆ ಏಳು ಮೆಟ್ಟಿಲು. ನೀವೆಲ್ಲ ಬರುವ ಮೊದಲೇ ನಾನು ಬಂದು ಬಾಗಿಲ ಪಕ್ಕ ಕೂತಿದ್ದೆ. ಸುಮ್ನೆ ಕೂತಿರಲಿಲ್ಲ, ನೀವು ಹತ್ತುವುದನ್ನು ನೋಡುತ್ತಿದ್ದೆ. ಒಬ್ಬರು ಅಜ್ಜಿ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೆರಡು ಹೆಜ್ಜೆ ಇಟ್ಟು ಬಂದರು. ಅವರ ಹಿಂದೆ ಬಂದ ಅಕ್ಕ ಸಲೀಸಾಗಿ ಹತ್ತಿದರು. ಆದರೆ ಕೊಡೆ ಮಡಚಲು ಆಗಲಿಲ್ಲ. ಬೆರಳು ಬಗ್ಗುತ್ತಿರಲಿಲ್ಲ, ಪಕ್ಕದವರ ಕೈಲಿ ಮಡಚಿಸಿಕೊಂಡರು. ಮೂರನೆಯವರು ಗಂಡಸರು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಚಪ್ಪಲಿ ಇಲ್ಲದ ಕಾಲಿನ ಹೆಬ್ಬೆರಳು ಹಣ್ಣು ಟೊಮೆಟೊ ಹಾಗೆ ಕೆಂಪಾಗಿತ್ತು.

ಏನಾಗಿದೆ ಅಂತ ಮೂವರನ್ನೂ ಕೇಳಿದೆ. ಮೂವರ ಉತ್ತರವೂ ಒಂದೇ. "ವಾಯು ಸಾರ್."

ಇವತ್ತು ನಾನು ಹೇಳಬೇಕಾದ್ದು ಈ ಒಂದು ಪದದಲ್ಲೇ ಇದೆ. ಮೂವರಿಗೂ ಇರುವುದು ಬಹುಶಃ ಬೇರೆ ಬೇರೆ ಕಾಯಿಲೆ. ಹೆಸರು ಮಾತ್ರ ಒಂದೇ ಇಟ್ಟುಕೊಂಡಿದ್ದೇವೆ. ಹೆಸರು ಒಂದೇ ಆದ್ದರಿಂದ ಮಾತ್ರೆಯೂ ಒಂದೇ, ಪಥ್ಯವೂ ಒಂದೇ, ಎಣ್ಣೆಯೂ ಒಂದೇ ಆಗಿಬಿಟ್ಟಿದೆ.

ನಾನು ಡಾಕ್ಟರ್ ಅಲ್ಲ. ಮೆಡಿಕಲ್ ಅಂಗಡಿಯವನು, ಫಾರ್ಮಸಿಸ್ಟ್. ಮೂವತ್ತೆರಡು ವರ್ಷ ಕೌಂಟರ್ ಹಿಂದೆ ನಿಂತಿದ್ದೇನೆ. ನಿಂತು ನಿಂತೇ ನನ್ನ ಮಂಡಿಯೂ ಹೋಗಿದೆ. ಕಾಯಿಲೆ ಯಾವುದು ಅಂತ ತೀರ್ಮಾನ ಮಾಡುವುದು ಡಾಕ್ಟರ ಕೆಲಸ. ಆದರೆ ಚೀಟಿ ಇಲ್ಲದೆ "ಆ ಕೆಂಪು ಮಾತ್ರೆ ಹತ್ತು ಕೊಡಿ" ಅಂತ ಬಂದವರಿಗೆ ಎಷ್ಟು ಸಲ ಕತ್ತರಿಸಿ ಕೊಟ್ಟಿದ್ದೇನೆ ಅನ್ನುವುದು ನನಗೇ ಗೊತ್ತು. ಅದರ ಲೆಕ್ಕ ಒಪ್ಪಿಸಲೂ ಇವತ್ತು ಬಂದಿದ್ದೇನೆ ಅಂತಿಟ್ಟುಕೊಳ್ಳಿ.

ಮೊದಲು ಹೆಸರುಗಳು. ಕೀಲುನೋವಿನಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ. ಎಲ್ಲ ಬೇಡ, ನಮ್ಮ ಕಡೆ ಹೆಚ್ಚು ಕಾಣುವ ಮೂರು ಸಾಕು.

ಒಂದು ಸವೆತ. ಡಾಕ್ಟರು ಆಸ್ಟಿಯೋ ಆರ್ಥ್ರೈಟಿಸ್ ಅನ್ನುತ್ತಾರೆ. ಮೂಳೆಯ ತುದಿಯಲ್ಲಿ ನುಣುಪಾದ ಒಂದು ಮೆತ್ತೆ ಇರುತ್ತದೆ. ಅದು ತೆಳುವಾಗುತ್ತಾ ಬರುತ್ತದೆ, ಕೀಲಿನ ಸುತ್ತ ಇರುವುದೆಲ್ಲ ಕೆಡುತ್ತದೆ. ವಯಸ್ಸು, ತೂಕ, ಹಳೆಯ ಪೆಟ್ಟು, ಗುಡ್ಡ ಹತ್ತಿ ಇಳಿದು ಮಾಡಿದ ದುಡಿಮೆ ಎಲ್ಲ ಸೇರಿ ಆಗುವಂಥದ್ದು. ನಡೆದರೆ ನೋವು, ಕೂತರೆ ಸಮಾಧಾನ. ಬೆಳಗ್ಗೆ ಎದ್ದಾಗ ಕೀಲು ಬಿಗಿ ಇರುತ್ತದೆ, ಅರ್ಧ ಗಂಟೆಯೊಳಗೆ ಸಡಿಲ ಆಗುತ್ತದೆ.

ಇನ್ನೊಂದು ರುಮಟಾಯ್ಡ್. ಇದು ಸವೆತ ಅಲ್ಲ. ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಕೈಬೆರಳು, ಮಣಿಕಟ್ಟು, ಕಾಲ್ಬೆರಳು, ಹೀಗೆ ಸಣ್ಣ ಕೀಲುಗಳು, ಅದೂ ಎರಡೂ ಕಡೆ. ಬೆಳಗಿನ ಬಿಗಿತ ಒಂದು ಗಂಟೆ, ಎರಡು ಗಂಟೆ. ರೊಟ್ಟಿ ತಟ್ಟಲು ಆಗುವುದಿಲ್ಲ, ಜಡೆ ಹಾಕಲು ಆಗುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಮೂವತ್ತು ನಲವತ್ತು ವರ್ಷಕ್ಕೇ ಬರಬಹುದು.

ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾಗಿ ಕೀಲಿನೊಳಗೆ ಸೂಜಿಯಂಥ ಹರಳುಗಳು ಕೂರುತ್ತವೆ. ರಾತ್ರಿ ಚೆನ್ನಾಗಿ ಮಲಗಿದವರು ಬೆಳಗಿನ ಜಾವ ಹೆಬ್ಬೆರಳು ಹಿಡಿದುಕೊಂಡು ಎದ್ದು ಕೂರುತ್ತಾರೆ. ಹೊದ್ದ ಕಂಬಳಿ ಸೋಕಿದರೂ ಪ್ರಾಣ ಹೋಗುತ್ತದೆ.

ಇದಲ್ಲದೆ 2006ರಲ್ಲಿ ನಮ್ಮ ರಾಜ್ಯದಲ್ಲೆಲ್ಲ ಚಿಕುನ್‌ಗುನ್ಯ ಎದ್ದಿತ್ತಲ್ಲ, ನೆನಪಿರಬಹುದು. ಜ್ವರ ವಾರದಲ್ಲಿ ಹೋಯಿತು, ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯಿತು. ಮಲೆನಾಡಿನದೇ ಆದ ಹಂದಿಗೋಡು ಕಾಯಿಲೆಯೂ ಒಂದಿದೆ. ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಮೊದಲು ಕಂಡದ್ದು, ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಲ್ಲೂ ಇದೆ. ಸೊಂಟ, ಮಂಡಿ ಹಿಡಿದು ಜನ ನಡೆಯಲಾರದೆ ಹೋಗುತ್ತಾರೆ. ಇದನ್ನೆಲ್ಲ ವಾಯು ಅಂದರೆ ಹೇಗೆ?

ಈಗ ಮಾತ್ರೆಗೆ ಬರುತ್ತೇನೆ.

ನೀವು ಕೇಳುವ ಕೆಂಪು, ಹಳದಿ, ಗುಲಾಬಿ ಮಾತ್ರೆಗಳಲ್ಲಿ ಹೆಚ್ಚಿನವು ಒಂದೇ ಮನೆತನದವು. ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್, ಐಬುಪ್ರೊಫೇನ್, ಇಟೋರಿಕಾಕ್ಸಿಬ್. ನೋವನ್ನೂ ಇಳಿಸುತ್ತವೆ, ಊತವನ್ನೂ ಇಳಿಸುತ್ತವೆ. ಒಳ್ಳೆಯ ಮಾತ್ರೆಗಳೇ, ನಾನು ಬೈಯಲು ಬಂದಿಲ್ಲ. ಆದರೆ ಊತ ಎಬ್ಬಿಸುವ ರಾಸಾಯನಿಕವನ್ನು ತಡೆಯುವಾಗ, ಹೊಟ್ಟೆಯ ಒಳಗೋಡೆ ಕಾಯುವ, ಕಿಡ್ನಿಗೆ ರಕ್ತ ಹರಿಸುವ ಅಂಥದೇ ರಾಸಾಯನಿಕವನ್ನೂ ಇವು ತಡೆಯುತ್ತವೆ.

ಇಲ್ಲಿ ಒಂದು ಹದ್ದಿನ ಕಥೆ ಹೇಳಲೇಬೇಕು. ರಣಹದ್ದು. ರಾಮನಗರದ ರಾಮದೇವರ ಬೆಟ್ಟದಲ್ಲಿ ಈಗ ಅವಕ್ಕೆ ಅಂತಲೇ ಧಾಮ ಇದೆ. ಒಂದು ಕಾಲಕ್ಕೆ ದೇಶದ ತುಂಬಾ ಇದ್ದವು. 1990ರ ದಶಕದಿಂದ ಸಾಯಲು ಶುರುವಾಗಿ, ಕೆಲವು ಜಾತಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಜಾಸ್ತಿ ಹೋಗಿಬಿಟ್ಟವು. ಕಾರಣ ಗೊತ್ತಾದದ್ದು 2004ರ ಹೊತ್ತಿಗೆ. ದನಗಳಿಗೆ ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚುತ್ತಿದ್ದರು. ಸತ್ತ ದನ ತಿಂದ ಹದ್ದಿನ ಕಿಡ್ನಿ ನಿಂತುಹೋಗುತ್ತಿತ್ತು. ಕಿಡ್ನಿ ನಿಂತ ಮೇಲೆ ಯೂರಿಕ್ ಆಸಿಡ್ ಹೊರಗೆ ಹೋಗಲಾರದೆ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದ ಹಾಗೆ ಕೂರುತ್ತಿತ್ತು. ಅಂದರೆ ಹಕ್ಕಿ ಸತ್ತದ್ದು ಗೌಟ್‌ನಿಂದ! 2006ರಲ್ಲಿ ದನಗಳಿಗೆ ಈ ಔಷಧಿ ತಯಾರಿಸುವುದನ್ನು ಸರ್ಕಾರ ನಿಲ್ಲಿಸಿತು. ಮನುಷ್ಯನ ಕಿಡ್ನಿ ಹದ್ದಿನದಕ್ಕಿಂತ ಬಹಳ ಗಟ್ಟಿ, ಹೆದರಬೇಡಿ. ಆದರೂ ವರ್ಷಗಟ್ಟಲೆ ದಿನಕ್ಕೆರಡು ನುಂಗಿದರೆ ಗಟ್ಟಿ ಕಿಡ್ನಿಯೂ ಎಷ್ಟು ದಿನ ತಡೆದೀತು?

ನಮ್ಮ ಬೀದಿಯ ಒಬ್ಬ ಬೆಳೆಗಾರರು ಹಾಗೇ ಮಾಡಿದರು. ಮಂಡಿ ಸವೆತ. ಜೊತೆಗೆ ಬಿಪಿ ಮಾತ್ರೆ, ಕಾಲಿನ ನೀರಿಳಿಯಲು ಇನ್ನೊಂದು ಮಾತ್ರೆ. ಬಿಪಿ ಮಾತ್ರೆಗಳಲ್ಲಿ ಕೆಲವು, ನೀರಿಳಿಸುವ ಮಾತ್ರೆ, ಇವುಗಳ ಮೇಲೆ ಈ ನೋವಿನ ಮಾತ್ರೆ ಬಿದ್ದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ನನಗೆ ಓದಿ ಗೊತ್ತಿತ್ತು. ಪರಿಚಯದವರು, ದಿನಾ ನೋಡುವ ಮುಖ, ಇಲ್ಲ ಅನ್ನಲು ಬಾಯಿ ಬರಲಿಲ್ಲ. ಆರು ವರ್ಷ ಕೊಟ್ಟೆ. ಒಂದು ದಿನ ಅವರ ಮಗ ಬಂದು, "ಅಪ್ಪನಿಗೆ ಕ್ರಿಯಾಟಿನಿನ್ ಮೂರು ದಾಟಿದೆಯಂತೆ ಅಣ್ಣ, ಹಾಗಂದ್ರೆ ಏನು?" ಅಂತ ಕೇಳಿದ. ಕಿಡ್ನಿ ಸೋಲುತ್ತಿದೆ ಅಂತ ಹೇಳುವಾಗ ನಾನು ಅವನ ಮುಖ ನೋಡಲಿಲ್ಲ.

ಹಾಗಾದರೆ ಸವೆತಕ್ಕೆ ಏನು ಮಾಡುವುದು? ಮಂಡಿ, ಕೈಬೆರಳಿನ ಸವೆತಕ್ಕೆ ಮೊದಲು ಹಚ್ಚುವ ಜೆಲ್. ಅದೇ ಡೈಕ್ಲೋಫೆನಾಕ್, ಆದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ತಿಕ್ಕಿ ತಿಕ್ಕಿ ಚರ್ಮ ಕಿತ್ತುಕೊಳ್ಳಬೇಡಿ, ಹಚ್ಚಿದರೆ ಸಾಕು. ಹಚ್ಚಿದ ತಕ್ಷಣ ಮೇಲೆ ಬಿಸಿ ಶಾಖ ಕೊಡಬೇಡಿ. ಪ್ಯಾರಾಸಿಟಮಾಲ್ ಹೊಟ್ಟೆಗೆ ಸೌಮ್ಯ, ಆದರೆ ಮಂಡಿ ಸವೆತಕ್ಕೆ ನಾವು ಅಂದುಕೊಂಡಷ್ಟು ಕೆಲಸ ಮಾಡುವುದಿಲ್ಲ. ದಿನಕ್ಕೆ 4 ಗ್ರಾಂ ದಾಟುವ ಹಾಗೇ ಇಲ್ಲ. ವಯಸ್ಸಾದವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆ, ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ನುಂಗುವ ನೋವಿನ ಮಾತ್ರೆ ಬೇಕೇ ಬೇಕಾದರೆ ಡಾಕ್ಟರು ಹೇಳಿದಷ್ಟು ದಿನ, ಊಟ ಆದ ಮೇಲೆ. ಗ್ಯಾಸ್ ಮಾತ್ರೆ ಜೊತೆಗಿದ್ದರೆ ಏನೂ ಆಗಲ್ಲ ಅನ್ನಬೇಡಿ. ಅದು ಹೊಟ್ಟೆ ಕಾಯುತ್ತದೆ, ಕಿಡ್ನಿ ಕಾಯುವುದಿಲ್ಲ. ಇಂಜೆಕ್ಷನ್ ತಗೊಂಡರೆ ಹೊಟ್ಟೆಗೆ ತೊಂದರೆ ಇಲ್ಲ ಅನ್ನುವುದೂ ಸುಳ್ಳು. ಔಷಧಿ ರಕ್ತದ ಮೂಲಕ ಹೊಟ್ಟೆಗೂ ಹೋಗುತ್ತದೆ.

ರುಮಟಾಯ್ಡ್ ವಿಷಯವೇ ಬೇರೆ. ಅಲ್ಲಿ ನೋವಿನ ಮಾತ್ರೆ ನುಂಗಿ ಕೂತರೆ ನೋವು ಇಳಿದಿರುತ್ತದೆ, ಒಳಗೆ ಕೀಲು ಹಾಳಾಗುತ್ತಲೇ ಇರುತ್ತದೆ. ಕಾಯಿಲೆಯನ್ನೇ ಹಿಡಿಯುವ ಮಾತ್ರೆ ಬೇಕು, ಅದೂ ಶುರುವಾದ ಮೊದಲ ತಿಂಗಳುಗಳಲ್ಲೇ. ಅದರಲ್ಲಿ ಮುಖ್ಯವಾದದ್ದು ಮೆಥೋಟ್ರೆಕ್ಸೇಟ್. ಈ ಮಾತ್ರೆ ವಾರಕ್ಕೆ ಒಂದೇ ದಿನ. ಇನ್ನೊಮ್ಮೆ ಹೇಳುತ್ತೇನೆ, ದಿನಕ್ಕಲ್ಲ, ವಾರಕ್ಕೆ.

ಎಸ್ಟೇಟ್ ಲೈನ್‌ಮನೆಯ ಒಬ್ಬ ಹೆಂಗಸು. ಚೀಟಿಯಲ್ಲಿ ಡಾಕ್ಟರು ಸರಿಯಾಗೇ ಬರೆದಿದ್ದರು. ನಮ್ಮ ಅಂಗಡಿ ಹುಡುಗ ಕವರ್ ಮೇಲೆ ಅಭ್ಯಾಸದಂತೆ ಬೆಳಗ್ಗೆ ಒಂದು ಅಂತ ಗೀಚಿಕೊಟ್ಟ. ಆರನೆಯ ದಿನ ಆಕೆ ಬಾಯಿ ತೆರೆಯಲಾಗದೆ ಬಂದರು. ನಾಲಿಗೆ, ತುಟಿಯ ಒಳಗೆಲ್ಲ ಹುಣ್ಣು. ಕವರ್ ನೋಡಿದವನೇ ಜೀಪು ಮಾಡಿ ಆಸ್ಪತ್ರೆಗೆ ಕಳಿಸಿದೆ. ಉಳಿದುಕೊಂಡರು. ಕೆಲವರು ಉಳಿಯುವುದಿಲ್ಲ, ರಕ್ತದ ಕಣಗಳು ಕುಸಿದುಬಿಡುತ್ತವೆ.

ಅಂದಿನಿಂದ ಆ ಮಾತ್ರೆಯ ಕವರ್ ಮೇಲೆ ನಾನು ದೊಡ್ಡಕ್ಷರದಲ್ಲಿ "ಸಂತೆ ದಿನ" ಅಂತ ಬರೆಯುತ್ತೇನೆ. ಸೋಮವಾರ, ಗುರುವಾರ ಅಂದರೆ ಮರೆತಾರು. ಸಂತೆ ಯಾರಿಗೂ ಮರೆಯುವುದಿಲ್ಲ. ಸಂತೆಯಿಂದ ಬಂದು, ಚೀಲ ಇಳಿಸಿ, ಊಟ ಮಾಡಿ, ಮಾತ್ರೆ ತಗೊಳ್ಳಿ. ಡಾಕ್ಟರು ಕೊಟ್ಟ ಫೋಲಿಕ್ ಆಸಿಡ್ ಅವರು ಹೇಳಿದ ಬೇರೆ ದಿನ. ರಕ್ತ ಪರೀಕ್ಷೆ ತಪ್ಪಿಸಬೇಡಿ. ಹೆಂಡ ಬೇಡ. ಮಗು ಬೇಕು ಅಂತಿರುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಗರ್ಭಕ್ಕೆ ಇದು ವಿಷ. ಈ ಮಾತ್ರೆಯ ಗುಣ ಕಾಣಲು ಆರು ವಾರದಿಂದ ಮೂರು ತಿಂಗಳು ಬೇಕು. "ಎರಡು ವಾರ ತಿಂದೆ, ಏನೂ ಆಗಲಿಲ್ಲ" ಅಂತ ಬಿಟ್ಟವರನ್ನು ಎಷ್ಟೋ ಜನ ನೋಡಿದ್ದೇನೆ.

ಬಿಟ್ಟವರು ಎಲ್ಲಿಗೆ ಹೋಗುತ್ತಾರೆ? ಪೊಟ್ಟಣದ ಪುಡಿಗೆ. ಮೂರು ದಿನಕ್ಕೆ ಎದ್ದು ಓಡಾಡುತ್ತಾರೆ, ಊರೆಲ್ಲ ಹೊಗಳುತ್ತಾರೆ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಎಷ್ಟೋ ಸಲ ಇರುವುದು ಸ್ಟೀರಾಯ್ಡ್. 1948ರಲ್ಲಿ ಅಮೆರಿಕದ ಡಾಕ್ಟರ್ ಫಿಲಿಪ್ ಹೆಂಚ್ ಮೊದಲ ಸಲ ಒಬ್ಬ ರುಮಟಾಯ್ಡ್ ರೋಗಿಗೆ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟಾಗಲೂ ಹೀಗೇ ಆಯಿತು. ಹಾಸಿಗೆ ಹಿಡಿದವರು ಕೆಲವೇ ದಿನದಲ್ಲಿ ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು. ಆಮೇಲೆ ಗೊತ್ತಾಯಿತು ಅದರ ಬೆಲೆ. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಪೊಳ್ಳಾಗುತ್ತದೆ. ಈಗಲೂ ಡಾಕ್ಟರು ಅಳೆದು, ಸ್ವಲ್ಪ ದಿನಕ್ಕೆ ಕೊಡುತ್ತಾರೆ. ಪುಡಿಯವರು ಅಳೆಯುವುದಿಲ್ಲ. ಈಗಾಗಲೇ ಅಂಥದ್ದನ್ನು ತಿಂಗಳುಗಟ್ಟಲೆ ತಿನ್ನುತ್ತಿದ್ದರೆ, ನನ್ನ ಮಾತು ಕೇಳಿ ಇವತ್ತೇ ನಿಲ್ಲಿಸಿಬಿಡಬೇಡಿ. ಏಕಾಏಕಿ ನಿಲ್ಲಿಸಿದರೂ ಅಪಾಯ. ಪೊಟ್ಟಣ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಇನ್ನು ಗೌಟ್. ಹೊಲದ ಬೇಲಿಯಲ್ಲಿ ಮಳೆಗಾಲಕ್ಕೆ ಕೆಂಪು ಹಳದಿ ಬೆಂಕಿಯಂಥ ಹೂ ಬಿಡುತ್ತದಲ್ಲ, ಗೌರಿ ಹೂ, ಅಗ್ನಿಶಿಖೆ ಅಂತಲೂ ಅನ್ನುತ್ತಾರೆ. ಗೌಟ್‌ನ ಹಳೆಯ ಔಷಧಿ ಕೊಲ್ಚಿಸಿನ್ ಈ ಬಳ್ಳಿಯಲ್ಲಿದೆ. ಬೀಜಕ್ಕೆಂದೇ ತಮಿಳುನಾಡಿನಲ್ಲಿ ಬೆಳೆಯುತ್ತಾರೆ. ಅದಕ್ಕೆ ಅಂತ ಮನೆಗೆ ಹೋಗಿ ಗೆಡ್ಡೆ ಅಗೆಯಬೇಡಿ! ಆ ಗೆಡ್ಡೆ ತಿಂದು ಸತ್ತವರಿದ್ದಾರೆ. ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂ. ಗೆಡ್ಡೆಯಲ್ಲಿ ಎಷ್ಟಿದೆ ಅಂತ ಯಾರು ತೂಗುತ್ತಾರೆ?

ಪದೇ ಪದೇ ಬರುವವರಿಗೆ ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಬೇಕು, ಅಲೋಪ್ಯುರಿನಾಲ್ ಥರದ್ದು. ರಕ್ತ ಪರೀಕ್ಷೆಯಲ್ಲಿ ಅದರ ಅಂಕಿ 6ಕ್ಕಿಂತ ಕೆಳಗೆ ಬರಬೇಕು, ಅದು ಗುರಿ. ನೋವು ಹೋಯಿತು ಅಂತ ಬಿಡುವ ಮಾತ್ರೆ ಅಲ್ಲ ಅದು. ನೋವು ಎದ್ದ ದಿನವೇ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ಸರಿಯಾಗಿದೆ ಅಂತ ಬರಬಹುದು. ಅದನ್ನು ನಂಬಿ ಕೂರಬೇಡಿ, ನೋವಿಳಿದ ಎರಡು ವಾರದ ಮೇಲೆ ಇನ್ನೊಮ್ಮೆ ನೋಡಿಸಿ.

ಊಟದ ಮಾತು ಈಗ. ಎಲ್ಲರೂ ಇದಕ್ಕೇ ಕಾಯುತ್ತಿದ್ದೀರಿ ಅಲ್ವಾ?

ಚಾರ್ಮಾಡಿ ಘಾಟಿ ಹತ್ತಿ ಮಂಗಳೂರು ಕಡೆಯಿಂದ ಭೂತಾಯಿ ಮೀನು ಬರುತ್ತದೆ. ಅದರ ಎಣ್ಣೆ ಉರಿಯೂತ ಇಳಿಸುವಂಥದ್ದು, ರುಮಟಾಯ್ಡ್ ಇರುವ ಅಕ್ಕನಿಗೆ ಒಳ್ಳೆಯದು. ಅದೇ ಮೀನು ಕೆಂಪು ಹೆಬ್ಬೆರಳಿನ ಅಣ್ಣನಿಗೆ ಬೇಡ, ಯೂರಿಕ್ ಆಸಿಡ್ ಏರಿಸುತ್ತದೆ. ಒಂದೇ ಮೀನು, ಒಬ್ಬರಿಗೆ ಔಷಧಿ, ಒಬ್ಬರಿಗೆ ಕಂಟಕ. ಹೆಸರು ಕೇಳಿಕೊಳ್ಳಿ ಅಂತ ಬಡಕೊಳ್ಳುವುದು ಇದಕ್ಕೇ. ಗೌಟ್ ಇರುವವರಿಗೆ ಲಿವರ್, ಬೋಟಿ, ಮಳೆಗಾಲದ ಏಡಿ ಸಾರು, ಬಿಯರ್ ಇವೆಲ್ಲ ದೂರ. ಬೇಳೆ ಬಿಟ್ಟುಬಿಟ್ಟಿದ್ದೇನೆ ಅನ್ನುತ್ತೀರಿ, ಅಷ್ಟು ಬೇಕಿಲ್ಲ. ಬೇಳೆಕಾಳು, ಸೊಪ್ಪು, ತರಕಾರಿಯಿಂದ ಗೌಟ್ ಜಾಸ್ತಿಯಾಗುವುದು ಕಂಡಿಲ್ಲ. ಹಾಲು, ಮಜ್ಜಿಗೆ ಒಳ್ಳೆಯದೇ.

ನಮ್ಮೂರಿನವರು ಕೇಳಲೇಬೇಕಾದ ಒಂದು ಸುದ್ದಿ. ಅಮೆರಿಕದಲ್ಲಿ ಸುಮಾರು 46 ಸಾವಿರ ಗಂಡಸರನ್ನು 12 ವರ್ಷ ಗಮನಿಸಿ 2007ರಲ್ಲಿ ಲೆಕ್ಕ ಕೊಟ್ಟರು. ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುವವರಿಗೆ ಗೌಟ್ ಬರುವುದು ಕುಡಿಯದವರಿಗಿಂತ ಶೇ. 40ರಷ್ಟು ಕಡಿಮೆ. ನಗಬೇಡಿ, ನಿಜ. ಆದರೆ ಅವರು ಕುಡಿದದ್ದು ನಮ್ಮ ಬೆಲ್ಲದ ಕಾಫಿ ಅಲ್ಲ. ಸಕ್ಕರೆಯಾಗಲಿ ಬೆಲ್ಲವಾಗಲಿ ಜಾಸ್ತಿಯಾದರೆ ಯೂರಿಕ್ ಆಸಿಡ್ ಏರುತ್ತದೆ. ಕಾಫಿ ಹೀಗೆ, ಸಿಹಿ ಹಾಗೆ, ಲೋಟ ಮಾತ್ರ ಒಂದೇ.

ಬದನೆ, ಟೊಮೆಟೊ, ಆಲೂಗಡ್ಡೆ ನಂಜು ಅಂತ ಬಿಟ್ಟವರು ಎಷ್ಟು ಜನ? ಅರ್ಧ ಸಭೆ! ಎಲ್ಲರೂ ಬಿಡಬೇಕು ಅನ್ನಲು ಗಟ್ಟಿ ಆಧಾರ ಇಲ್ಲ. ನಿಮಗೆ ಅನುಮಾನ ಇದ್ದರೆ ಎರಡು ವಾರ ಬಿಟ್ಟು ನೋಡಿ, ಮತ್ತೆ ತಿಂದು ನೋಡಿ. ವ್ಯತ್ಯಾಸ ಇಲ್ಲದಿದ್ದರೆ ಎಣಗಾಯಿ ಮಾಡಿಕೊಂಡು ಉಣ್ಣಿ.

ಸವೆತಕ್ಕೆ ಊಟದಲ್ಲಿ ಒಂದೇ ದೊಡ್ಡ ಔಷಧಿ, ತೂಕ. ಮೈಯಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ. ದಿನಕ್ಕೆ ಎಷ್ಟು ಹೆಜ್ಜೆ, ನೀವೇ ಗುಣಿಸಿ.

ಅರಿಶಿನದ ಬಗ್ಗೆ ಕೇಳುತ್ತೀರಿ, ಗೊತ್ತು. ಅದರ ಕರ್ಕ್ಯುಮಿನ್‌ಗೆ ಊತ ಇಳಿಸುವ ಗುಣ ಇದೆ. ಆದರೆ ಅರಿಶಿನ ಪುಡಿಯಲ್ಲಿ ಅದು ನೂರಕ್ಕೆ ಮೂರರಷ್ಟು. ಅದೂ ರಕ್ತಕ್ಕೆ ಸೇರುವುದು ಕಷ್ಟ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು, ಕರಿಮೆಣಸಿನ ಸಾರ ಪೈಪರಿನ್ ಜೊತೆ ಕೊಟ್ಟರೆ ಅದು ರಕ್ತಕ್ಕೆ ಸೇರುವುದು ಇಪ್ಪತ್ತು ಪಟ್ಟು ಹೆಚ್ಚುತ್ತದೆ ಅಂತ ತೋರಿಸಿದರು. ನಮ್ಮ ಅಜ್ಜಿಯರ ಅರಿಶಿನ ಮೆಣಸಿನ ಕಷಾಯಕ್ಕೆ ಒಂದು ಅರ್ಥ ಬಂತು. ಅಡುಗೆಯಲ್ಲಿ ಧಾರಾಳ ಬಳಸಿ. ಆದರೆ ಚಿಟಿಕೆ ಅರಿಶಿನದಲ್ಲಿ ಕೈ ನೆಟ್ಟಗಾಗುತ್ತದೆ ಅಂತ ಮೆಥೋಟ್ರೆಕ್ಸೇಟ್ ಬಿಡಬೇಡಿ. ಡಬ್ಬಿಯಲ್ಲಿ ಬರುವ ಅರಿಶಿನದ ಕ್ಯಾಪ್ಸೂಲ್ ಕೆಲವರ ಲಿವರ್‌ಗೆ ತೊಂದರೆ ಮಾಡಿದೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಅದರ ಹತ್ತಿರ ಹೋಗಲೇಬೇಡಿ.

ಮನೆಮದ್ದಿನಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಬಚ್ಚಲೊಲೆಯ ಹಂಡೆಯ ಮೇಲೆ. ಬೆಳಗ್ಗೆ ಬಿಗಿದ ಕೀಲಿಗೆ ಬಿಸಿನೀರಿಗಿಂತ ಬೇಕೇ? ಲಕ್ಕಿ ಸೊಪ್ಪು ಹಾಕಿ ಕುದಿಸಿ, ಹರಳೆಣ್ಣೆ ಹಚ್ಚಿ, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡಿ, ಯಾವುದೂ ತಪ್ಪಲ್ಲ. ಎರಡು ಎಚ್ಚರ. ಕೀಲು ಕೆಂಪಾಗಿ ಸುಡುತ್ತಿದ್ದರೆ ಅದಕ್ಕೆ ಕಾವು ಬೇಡ, ತಣ್ಣೀರ ಬಟ್ಟೆ. ಸಕ್ಕರೆ ಕಾಯಿಲೆಯವರು ಕಾಲಿಗೆ ನೀರು ಹಾಕುವ ಮೊದಲು ಮನೆಯವರ ಕೈಯಲ್ಲಿ ಮುಟ್ಟಿಸಿ ನೋಡಿ. ಸ್ಪರ್ಶ ಹೋದ ಕಾಲಿಗೆ ಬೆಂದದ್ದೇ ಗೊತ್ತಾಗುವುದಿಲ್ಲ. ಎಕ್ಕದ ಎಲೆ ಕಟ್ಟುವವರಿದ್ದೀರಿ. ಅದರ ಹಾಲು ಚರ್ಮ ಬೊಬ್ಬೆ ಎಬ್ಬಿಸುತ್ತದೆ, ಕಣ್ಣಿಗೆ ಸಿಡಿದರೆ ಇನ್ನೂ ಕಷ್ಟ. ನಾನಾದರೆ ಬಿಡುತ್ತೇನೆ. ಆಯುರ್ವೇದದ ಔಷಧಿ ತಗೊಳ್ಳುವವರು ಓದಿದ ವೈದ್ಯರ ಹತ್ತಿರ ಹೋಗಿ. ಹಾಸನದಲ್ಲಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯೇ ಇದೆ. ಆ ಕಡೆಯ ಚೀಟಿ ಈ ಕಡೆಯವರಿಗೆ, ಈ ಕಡೆಯದು ಆ ಕಡೆಯವರಿಗೆ ತೋರಿಸಿ, ಮುಚ್ಚಿಡಬೇಡಿ.

ಕುರ್ಚಿಯಲ್ಲಿ ಕೂತಿದ್ದೀರಲ್ಲ, ಈಗಲೇ ಮಾಡಿ. ಒಂದು ಕಾಲು ನೆಟ್ಟಗೆ ಮುಂದೆ ಚಾಚಿ. ತೊಡೆ ಬಿಗಿ ಹಿಡಿದು ಐದು ಎಣಿಸಿ, ಇಳಿಸಿ. ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಮಂಡಿಯ ಭಾರವನ್ನು ತೊಡೆ ಹಂಚಿಕೊಳ್ಳಬೇಕು, ಅದಕ್ಕೆ ಇದು. ಈಳಿಗೆ ಮಣೆ ನೆಲದಿಂದ ಮೇಜಿಗೆ ಬರಲಿ.

ಆಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯುತ್ತೇನೆ.

"ಮಳೆ ಬಂದ್ರೆ ನೋವು ಜಾಸ್ತಿ ಆಗೋದು ನಿಜಾನಾ ಸಾರ್?" ಅಂತ ಹಿಂದಿನ ಸಾಲಿನ ಅಜ್ಜಿ ಕೇಳಿದರು. ಇದನ್ನು ಲೆಕ್ಕ ಹಾಕಿದವರಲ್ಲಿ ಕೆಲವರು ಹೌದು ಅಂದಿದ್ದಾರೆ, ಕೆಲವರು ಇಲ್ಲ ಅಂದಿದ್ದಾರೆ. ನನ್ನ ಮಂಡಿ ಹೌದು ಅನ್ನುತ್ತದೆ. ಜೊತೆಗೆ ಇನ್ನೊಂದು ಇದೆ. ಮಳೆ ಹಿಡಿದರೆ ನಾವು ಒಲೆ ಮುಂದೆ ಕೂತುಬಿಡುತ್ತೇವೆ, ಕೂತಷ್ಟೂ ಕೀಲು ಬಿಗಿಯುತ್ತದೆ. ಜಗಲಿಯಲ್ಲೇ ಹತ್ತು ಸುತ್ತು ಹಾಕಿ ಅಜ್ಜಿ ಅಂದೆ.

ಒಬ್ಬ ಹುಡುಗ, ತನ್ನ ತಾಯಿಗೆ ಒಂದೇ ಮಂಡಿ ದಪ್ಪ ಊದಿ ಬಿಸಿಯಾಗಿದೆ, ಎರಡು ದಿನದಿಂದ ಜ್ವರವೂ ಇದೆ, ಯಾವ ಜೆಲ್ ಕೊಡಲಿ ಅಂದ. ಜೆಲ್ ಬೇಡ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು, ಕೀಲಿನೊಳಗೆ ಕೀವಾಗಿದ್ದರೆ ಒಂದು ದಿನವೂ ಕಾಯುವಂಥದ್ದಲ್ಲ ಅಂದೆ. ಅವನು ಸಭೆ ಮುಗಿಯುವವರೆಗೆ ನಿಲ್ಲಲಿಲ್ಲ.

ಹೊರಡುವಾಗ ಮಳೆ ಸ್ವಲ್ಪ ಹೊಳವಾಗಿತ್ತು. ಮೊದಲು ಬಂದ ಅಜ್ಜಿ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಯಾವ ಮಂಡಿ ಅಂತ ಕೇಳಿದೆ. ಎಡದ್ದು. ಕೋಲು ಎಡಗೈಯಲ್ಲೇ ಇತ್ತು. ಅದನ್ನು ಬಲಗೈಗೆ ಕೊಟ್ಟೆ. ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿದರೆ ಭಾರ ಹಂಚಿಹೋಗುತ್ತದೆ. "ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು" ಅಂದೆ. ಅಜ್ಜಿ ಎಡಗಾಲು ಕೆಳಗಿಟ್ಟರು, ಬಲಗಾಲು ಸೇರಿಸಿದರು. ನಾಲ್ಕನೆಯ ಮೆಟ್ಟಿಲಲ್ಲಿ ನಿಂತು ತಿರುಗಿ, "ಹಂಗಾದ್ರೆ ನಂದು ವಾಯು ಅಲ್ವಾ ಮಗಾ?" ಅಂದರು.

"ಸವೆತ ಇರಬೇಕು ಅಜ್ಜಿ. ಡಾಕ್ಟರ ಹತ್ರ ಕೇಳ್ಕೊಂಡು ಬನ್ನಿ" ಅಂದೆ. ಸವೆತ, ಸವೆತ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಉಳಿದ ಮೂರು ಮೆಟ್ಟಿಲು ಇಳಿದರು.